ಆಣೆಗೆ ಮೊದಲು ಆಸ್ಪತ್ರೆ: ಕುಡಿತ ಬಿಡುವ ಮೊದಲ ನಾಲ್ಕು ದಿನಗಳು

ಆಹ್ವಾನ ಪತ್ರಿಕೆಯಲ್ಲಿ ನನ್ನ ವಿಷಯ ‘ಮದ್ಯ ಮತ್ತು ಮಾದಕ ವಸ್ತುಗಳ ದುಷ್ಪರಿಣಾಮಗಳು’ ಎಂದು ಅಚ್ಚಾಗಿದೆ. ಈ ಹೆಸರಿನಲ್ಲಿ ನಡೆಯುವ ಭಾಷಣಗಳಲ್ಲಿ ಕೆಟ್ಟುಹೋದ ಯಕೃತ್ತಿನ ಚಿತ್ರ ತೋರಿಸಿ, ಕುಡಿತದಿಂದ ಹಾಳಾದ ಸಂಸಾರದ ಕಥೆ ಹೇಳಿ, ಕೊನೆಗೆ ಎಲ್ಲರ ಕೈಯನ್ನೂ ಮುಂದೆ ಚಾಚಿಸಿ ಪ್ರಮಾಣವಚನ ಬೋಧಿಸುವುದು ರೂಢಿ. ಇಲ್ಲಿ ಕುಳಿತಿರುವ ಆಶಾ ಕಾರ್ಯಕರ್ತೆಯರು, ಸ್ತ್ರೀಶಕ್ತಿ ಸಂಘಗಳ ಸದಸ್ಯೆಯರು ಮತ್ತು ಶಿಕ್ಷಕರು ಅಂಥ ಪ್ರಮಾಣಗಳನ್ನು ಎಷ್ಟೋ ಸಲ ಸ್ವೀಕರಿಸಿದ್ದೀರಿ. ಪ್ರಮಾಣ ಮಾಡಬೇಕಾದವರು ಮಾತ್ರ ಇಂಥ ಸಭೆಗಳಿಗೆ ಬರುವುದಿಲ್ಲ. ಆದ್ದರಿಂದ ಕುಡಿದರೆ ಏನಾಗುತ್ತದೆ ಎಂಬುದನ್ನು ನಡುನಡುವೆ ಹೇಳುತ್ತಾ, ಹೆಚ್ಚಿನ ಹೊತ್ತನ್ನು ಅಷ್ಟಾಗಿ ಯಾರೂ ಕೇಳದ ಒಂದು ಪ್ರಶ್ನೆಗೆ ಮೀಸಲಿಡುತ್ತೇನೆ. ವರ್ಷಗಟ್ಟಲೆ ದಿನವೂ ಕುಡಿದವನೊಬ್ಬ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಬಿಟ್ಟರೆ ಅವನ ದೇಹಕ್ಕೆ ಏನಾಗುತ್ತದೆ?

ಇದರ ಉತ್ತರವನ್ನು ನಮ್ಮ ರಾಜ್ಯ ಒಮ್ಮೆ ಕಣ್ಣಾರೆ ಕಂಡಿದೆ. 2020ರ ಮಾರ್ಚ್ ಕೊನೆಯ ವಾರದಲ್ಲಿ ಲಾಕ್‌ಡೌನ್ ಜಾರಿಗೆ ಬಂದು ಮದ್ಯದಂಗಡಿಗಳೆಲ್ಲ ಒಟ್ಟಿಗೆ ಬಾಗಿಲು ಹಾಕಿದವು. ಮುಂಚಿತವಾಗಿ ಯಾರಿಗೂ ಸೂಚನೆ ಇರಲಿಲ್ಲ. ಇಷ್ಟು ಜನ ಒಂದೇ ದಿನ ಕುಡಿತ ನಿಲ್ಲಿಸಿದ್ದು ನಮ್ಮ ನೆನಪಿನಲ್ಲಿ ಅದೇ ಮೊದಲು. ‘ಹೀಗಾದರೂ ಬಿಟ್ಟರಲ್ಲ’ ಎಂದು ಅನೇಕ ಮನೆಗಳಲ್ಲಿ ಸಮಾಧಾನಪಟ್ಟದ್ದೂ ಉಂಟು, ಮತ್ತು ಅದರಲ್ಲಿ ಸತ್ಯವೂ ಇತ್ತು: ಮದ್ಯವಿಲ್ಲದೆ ದೇಹ ನಡೆಯದಂಥ ಅವಲಂಬನೆಯ ಮಟ್ಟಕ್ಕೆ ಹೋಗದ ಬಹುಪಾಲು ಜನ ಏನೂ ತೊಂದರೆಯಿಲ್ಲದೆ ಆ ವಾರಗಳನ್ನು ಕಳೆದರು. ಆದರೆ ಅದೇ ವಾರಗಳಲ್ಲಿ ಫಿಟ್ಸ್ ಬಂದವರನ್ನು, ಗೋಡೆಯ ಮೇಲೆ ಇಲ್ಲದ ಹುಳುಗಳನ್ನು ಹಿಡಿಯುತ್ತಿದ್ದವರನ್ನು, ಹೆಂಡತಿ ಮಕ್ಕಳ ಗುರುತು ತಪ್ಪಿದವರನ್ನು ಆಂಬುಲೆನ್ಸ್‌ಗಳು ಆಸ್ಪತ್ರೆಗೆ ತಂದವು. ಬೆಂಗಳೂರಿನ ಕೆಲವು ಆಸ್ಪತ್ರೆಗಳ ದಾಖಲೆಗಳನ್ನು ಪರಿಶೀಲಿಸಿದ ನಿಮ್ಹಾನ್ಸ್ ವೈದ್ಯರು, ಮದ್ಯ ನಿಂತದ್ದರಿಂದ ಉಂಟಾದ ಇಂಥ ತೀವ್ರ ಪ್ರಕರಣಗಳು ಲಾಕ್‌ಡೌನ್ ನಂತರ ಏರಿದ್ದನ್ನು ಗುರುತಿಸಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಪಕ್ಕದ ಕೇರಳದಲ್ಲಿ ಸರ್ಕಾರ ಗಾಬರಿಯಾಗಿ, ವೈದ್ಯರ ಚೀಟಿ ತಂದವರಿಗೆ ಮದ್ಯ ಕೊಡಲು ಆದೇಶಿಸಿತು. ವೈದ್ಯರ ಸಂಘ ಅದನ್ನು ವಿರೋಧಿಸಿತು, ಏಪ್ರಿಲ್ ಆರಂಭದಲ್ಲಿ ಅಲ್ಲಿನ ಹೈಕೋರ್ಟ್ ತಡೆ ನೀಡಿತು. ಮೇ 4ರಂದು ನಮ್ಮಲ್ಲಿ ಅಂಗಡಿಗಳು ಮತ್ತೆ ತೆರೆದಾಗ ಮೊದಲ ದಿನ ಸುಮಾರು 45 ಕೋಟಿ ರೂಪಾಯಿಯ, ಮರುದಿನ ಸುಮಾರು 197 ಕೋಟಿ ರೂಪಾಯಿಯ ಮದ್ಯ ಮಾರಾಟವಾಯಿತು. ಆ ಸರದಿ ಸಾಲುಗಳನ್ನು ನೋಡಿ ಇಡೀ ದೇಶ ನಕ್ಕಿತು. ಸಾಲಿನಲ್ಲಿ ನಿಂತವರಲ್ಲಿ ಯಾರು ಮೋಜಿಗೆ ನಿಂತಿದ್ದರು, ಯಾರು ಕೈ ನಡುಕ ತಡೆಯಲಾಗದೆ ನಿಂತಿದ್ದರು ಎಂಬುದು ಟಿ.ವಿ. ಪರದೆಯಲ್ಲಿ ಕಾಣುವಂಥದ್ದಲ್ಲ.

ಈಗ ಆ ನಡುಕ ಎಲ್ಲಿಂದ ಬರುತ್ತದೆ ಎಂಬುದನ್ನು ನೋಡೋಣ. ಮಿದುಳಿನಲ್ಲಿ ನರಗಳನ್ನು ಶಾಂತಗೊಳಿಸುವ ಒಂದು ವ್ಯವಸ್ಥೆಯೂ ಅವನ್ನು ಚುರುಕುಗೊಳಿಸುವ ಇನ್ನೊಂದು ವ್ಯವಸ್ಥೆಯೂ ಇವೆ. ಶಾಂತಗೊಳಿಸುವ ರಾಸಾಯನಿಕಕ್ಕೆ ಗಾಬಾ ಎಂದೂ ಚುರುಕುಗೊಳಿಸುವುದಕ್ಕೆ ಗ್ಲುಟಮೇಟ್ ಎಂದೂ ಹೆಸರು. ಮದ್ಯ ಮೊದಲನೆಯದರ ಬಲವನ್ನು ಹೆಚ್ಚಿಸಿ ಎರಡನೆಯದನ್ನು ಅದುಮುತ್ತದೆ; ಕುಡಿದಾಗ ಹಗುರವೆನಿಸುವುದು, ಮಾತು ತೊದಲುವುದು, ಕಾಲು ತಡವರಿಸುವುದು ಇದರಿಂದಲೇ. ದಿನವೂ ಹೀಗಾದರೆ ಮಿದುಳು ಸುಮ್ಮನೆ ಕೂರುವುದಿಲ್ಲ. ಸದಾ ಬ್ರೇಕ್ ಒತ್ತಿಕೊಂಡೇ ಇರುವ ಲಾರಿಯನ್ನು ಓಡಿಸಬೇಕಾದ ಚಾಲಕ ಎಕ್ಸಲರೇಟರನ್ನು ಹೆಚ್ಚು ಹೆಚ್ಚು ತುಳಿಯುವಂತೆ, ಅದು ತನ್ನದೇ ಶಾಂತಗೊಳಿಸುವ ಶಕ್ತಿಯನ್ನು ತಗ್ಗಿಸಿ ಚುರುಕುಗೊಳಿಸುವ ಶಕ್ತಿಯನ್ನು ಏರಿಸಿಕೊಳ್ಳುತ್ತದೆ. ಹಿಂದೆ ಎರಡು ಪೆಗ್‌ಗೆ ಏರುತ್ತಿದ್ದ ಅಮಲಿಗೆ ಆಮೇಲೆ ಆರು ಬೇಕಾಗುವುದು ಈ ಹೊಂದಾಣಿಕೆಯ ಫಲ. ‘ಎಷ್ಟು ಕುಡಿದರೂ ನಮ್ಮ ಯಜಮಾನರಿಗೆ ಏರುವುದಿಲ್ಲ’ ಎಂಬ ಮಾತನ್ನು ಹೆಮ್ಮೆಯಿಂದ ಹೇಳುವುದನ್ನು ನೀವು ಕೇಳಿರಬಹುದು. ವೈದ್ಯರ ಕಿವಿಗೆ ಅದು ರೋಗಲಕ್ಷಣ. ಇಂಥ ಸ್ಥಿತಿಯಲ್ಲಿ ಮದ್ಯವನ್ನು ಒಮ್ಮೆಲೇ ತೆಗೆದರೆ, ಏರಿಸಿಕೊಂಡ ಚುರುಕು ಮಾತ್ರ ಉಳಿದು, ಅದನ್ನು ತಡೆಯುವ ಶಕ್ತಿ ಇಲ್ಲವಾಗುತ್ತದೆ.

ಆಗ ಆಗುವುದಕ್ಕೆ ಹೆಚ್ಚುಕಡಿಮೆ ಒಂದು ವೇಳಾಪಟ್ಟಿಯೇ ಇದೆ. ಕೊನೆಯ ಗುಟುಕಿನಿಂದ ಆರು ಎಂಟು ಗಂಟೆಗಳಲ್ಲಿ ಕೈ ನಡುಗುತ್ತದೆ, ಬೆವರು ಬರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ವಾಕರಿಕೆ ಬರುತ್ತದೆ, ನಿದ್ದೆ ಹತ್ತುವುದಿಲ್ಲ. ಬಹಳ ಜನರಿಗೆ ಇಷ್ಟಕ್ಕೇ ನಿಂತು ನಾಲ್ಕೈದು ದಿನಗಳಲ್ಲಿ ಇಳಿಯುತ್ತದೆ. ಕೆಲವರಿಗೆ ಮೊದಲ ಎರಡು ದಿನಗಳೊಳಗೆ, ಅಂದರೆ 48 ಗಂಟೆಗಳ ಒಳಗೆ, ಫಿಟ್ಸ್ ಬರುತ್ತದೆ. ಇನ್ನು ಕೆಲವರಿಗೆ ಎರಡನೆಯ ದಿನ ಮುಗಿದು ನಾಲ್ಕನೆಯ ದಿನದೊಳಗೆ ಡೆಲಿರಿಯಂ ಟ್ರೆಮೆನ್ಸ್ ಎಂಬ ಗಂಡಾಂತರ ಶುರುವಾಗುತ್ತದೆ: ಜ್ವರ, ಏರಿದ ರಕ್ತದೊತ್ತಡ, ಹಗಲು ರಾತ್ರಿಯ ಪರಿವೆ ತಪ್ಪುವುದು, ಇಲ್ಲದ್ದು ಕಾಣುವುದು, ಕೇಳುವುದು. ಈ ಸ್ಥಿತಿಯಲ್ಲಿ ರೋಗಿ ತನ್ನ ಕಸುಬನ್ನು ಹಾಸಿಗೆಯ ಮೇಲೆಯೇ ಮಾಡತೊಡಗುವುದನ್ನು ವೈದ್ಯರು ಬಹಳ ಕಾಲದಿಂದ ಗಮನಿಸಿದ್ದಾರೆ. ಬಸ್ ಚಾಲಕ ಗಾಳಿಯಲ್ಲಿ ಸ್ಟೇರಿಂಗ್ ತಿರುಗಿಸುತ್ತಾನೆ, ದರ್ಜಿ ಕಾಲಿನಲ್ಲಿ ಮಿಷನ್ ತುಳಿಯುತ್ತಾನೆ, ಗಾರೆ ಕೆಲಸದವನು ಹೊದಿಕೆಗೆ ಕರಣೆ ಎಳೆಯುತ್ತಾನೆ. ಇಂಥದ್ದನ್ನು ನೋಡಿದ ಮನೆಯವರು ‘ಯಾರೋ ಮಾಡಿಸಿದ್ದಾರೆ’, ‘ಗಾಳಿ ಸೋಕಿದೆ’ ಎಂದು ಯಂತ್ರ ಕಟ್ಟಿಸಲು ಹೊರಟರೆ ನಾನು ಅವರನ್ನು ಹೀಗಳೆಯಲಾರೆ. ಕುಡಿಯುತ್ತಿದ್ದಾಗ ಚೆನ್ನಾಗಿದ್ದವನು ಬಿಟ್ಟ ಮೂರನೆಯ ದಿನ ಹೀಗಾದನೆಂದರೆ, ಕುಡಿತಕ್ಕೂ ಇದಕ್ಕೂ ನಂಟಿದೆ ಎಂದು ಯಾರಿಗೆ ತಾನೇ ಹೊಳೆದೀತು? ಚಿಕಿತ್ಸೆ ಇಲ್ಲದ ಕಾಲದಲ್ಲಿ ಈ ಹಂತ ತಲುಪಿದವರಲ್ಲಿ ಮೂವರಿಗೊಬ್ಬರಷ್ಟು ಸಾಯುತ್ತಿದ್ದರೆಂದು ಹಳೆಯ ವೈದ್ಯಕೀಯ ದಾಖಲೆಗಳು ಹೇಳುತ್ತವೆ. ಇಂದು ಸಮಯಕ್ಕೆ ಸರಿಯಾಗಿ ಆಸ್ಪತ್ರೆಗೆ ಬಂದವರಲ್ಲಿ ಸಾವು ವಿರಳ.

ವೈದ್ಯರಿಗೂ ಇದು ಬೇಗ ಹೊಳೆದ ವಿಷಯವಲ್ಲ. ಇಂಗ್ಲೆಂಡಿನ ಥಾಮಸ್ ಸಟನ್ 1813ರಲ್ಲಿಯೇ ಈ ರೋಗಕ್ಕೆ ಹೆಸರಿಟ್ಟಿದ್ದರೂ, ಇದು ಕುಡಿತದ ವಿಷದಿಂದ ಬರುವುದೋ, ಅನ್ನ ಬಿಟ್ಟದ್ದರಿಂದ ಬರುವುದೋ, ಮದ್ಯ ನಿಂತದ್ದರಿಂದ ಬರುವುದೋ ಎಂಬ ತಕರಾರು ನೂರು ವರ್ಷಕ್ಕೂ ಮಿಕ್ಕಿ ನಡೆಯಿತು. 1955ರಲ್ಲಿ ಅಮೆರಿಕದ ಲೆಕ್ಸಿಂಗ್ಟನ್‌ನಲ್ಲಿ ಹ್ಯಾರಿಸ್ ಇಸ್ಬೆಲ್ ಮತ್ತು ಸಂಗಡಿಗರು ಹತ್ತು ಮಂದಿಗೆ ಒಳ್ಳೆಯ ಊಟ ಮತ್ತು ವಿಟಮಿನ್‌ಗಳನ್ನು ಕೊಡುತ್ತಲೇ ವಾರಗಟ್ಟಲೆ ಮದ್ಯ ಕುಡಿಸಿ, ಒಮ್ಮೆಲೇ ನಿಲ್ಲಿಸಿ, ಏನಾಗುತ್ತದೆಂದು ನೋಡಿದರು. ಹೆಚ್ಚು ಕಾಲ ಕುಡಿದವರಲ್ಲಿ ಕೆಲವರಿಗೆ ಫಿಟ್ಸ್ ಬಂತು, ಕೆಲವರಿಗೆ ಭ್ರಮೆ ಹಿಡಿಯಿತು. ಊಟದ ಕೊರತೆ ಕಾರಣವಲ್ಲ, ಮದ್ಯ ನಿಂತದ್ದೇ ಕಾರಣ ಎಂಬುದು ಅಲ್ಲಿಗೆ ಖಚಿತವಾಯಿತು. ಆ ಮನುಷ್ಯರು ಹಿಂದೆ ಮಾರ್ಫಿನ್ ಚಟಕ್ಕೆ ಸಿಕ್ಕಿದ್ದವರು. ಅವರ ಮೇಲೆ ನಡೆದ ಆ ಪ್ರಯೋಗಕ್ಕೆ ಇಂದು ಯಾವ ನೈತಿಕ ಸಮಿತಿಯೂ ಒಪ್ಪಿಗೆ ಕೊಡುವುದಿಲ್ಲ, ಕೊಡಲೂಬಾರದು. ಅವರ ನೋವಿನಿಂದ ಬಂದ ಜ್ಞಾನ ಎಪ್ಪತ್ತು ವರ್ಷವಾದರೂ ನಮ್ಮ ಹಳ್ಳಿಗಳ ಜಗಲಿಗೆ ಬಂದು ಮುಟ್ಟಿಲ್ಲ ಎಂಬುದು ನನ್ನ ತಕರಾರು.

ಎಷ್ಟು ಕುಡಿದರೆ ಈ ಅಪಾಯ ಎಂದು ನೀವು ಕೇಳಬಹುದು. ಒಂದು ಲೆಕ್ಕ ಹಾಕೋಣ. ನಮ್ಮಲ್ಲಿ ಸಿಗುವ ವಿಸ್ಕಿ, ಬ್ರಾಂದಿ, ರಮ್‌ಗಳಲ್ಲಿ ಶೇಕಡ 42.8ರಷ್ಟು ಮದ್ಯಸಾರ ಇರುತ್ತದೆ. 180 ಮಿಲಿಲೀಟರಿನ ಒಂದು ಕ್ವಾರ್ಟರ್ ಎಂದರೆ ಸುಮಾರು 60 ಗ್ರಾಂ ಶುದ್ಧ ಮದ್ಯಸಾರ. ಸಾಮಾನ್ಯ ಯಕೃತ್ತು ಗಂಟೆಗೆ ಕರಗಿಸುವುದು ಏಳರಿಂದ ಹತ್ತು ಗ್ರಾಂ. ರಾತ್ರಿ ಹತ್ತಕ್ಕೆ ಕ್ವಾರ್ಟರ್ ಮುಗಿಸಿ ಮಲಗಿದವನ ರಕ್ತದಿಂದ ಮದ್ಯ ಪೂರ್ತಿ ಇಳಿಯುವ ಹೊತ್ತಿಗೆ ಬೆಳಗಾಗುತ್ತದೆ. ಆ ಹೊತ್ತಿಗೇ ಅವನ ನಡುಕವೂ ಏಳುತ್ತದೆ. ಮುಖ ತೊಳೆಯುವ ಮುಂಚೆ ‘ತೊಂಬತ್ತು’ ಬೇಕೆನ್ನುವವನು, ಅಂಗಡಿಯ ಬಾಗಿಲು ತೆರೆಯುವ ಮುನ್ನವೇ ಕಟ್ಟೆಯ ಮೇಲೆ ಕಾಯುವವನು ಅಮಲಿಗಾಗಿ ಕುಡಿಯುವ ಹಂತವನ್ನು ದಾಟಿದ್ದಾನೆ. ಅವನು ಕುಡಿಯುವುದು ಕೈ ನಿಲ್ಲಲಿ ಎಂದು, ಶರಟಿನ ಗುಂಡಿ ಹಾಕಿಕೊಳ್ಳಲಾಗಲಿ ಎಂದು. ಬೆಳಗಿನ ಕುಡಿತ ಕಂಡಲ್ಲಿ ‘ಇಂದಿನಿಂದ ಮುಟ್ಟಬೇಡ’ ಎಂದು ಹೇಳಬೇಡಿ, ವೈದ್ಯರ ಬಳಿಗೆ ಕರೆದೊಯ್ಯಿರಿ. ‘ನಾನು ಬರೀ ಬಿಯರ್’ ಎನ್ನುವವರ ಲೆಕ್ಕವನ್ನೂ ಇಲ್ಲಿಯೇ ಮುಗಿಸಿಬಿಡುತ್ತೇನೆ: ಶೇಕಡ 8ರ ಸ್ಟ್ರಾಂಗ್ ಬಿಯರಿನ 650 ಮಿಲಿಲೀಟರಿನ ಒಂದು ಬಾಟಲಿಯಲ್ಲಿ 40 ಗ್ರಾಂ ಮದ್ಯಸಾರ ಇರುತ್ತದೆ, ಅಂದರೆ 30 ಮಿಲಿಲೀಟರಿನ ನಾಲ್ಕು ಪೆಗ್‌ಗಳಷ್ಟು. ಯಕೃತ್ತಿಗೆ ಬಾಟಲಿಯ ಆಕಾರ ತಿಳಿಯುವುದಿಲ್ಲ. ಅನ್ನನಾಳ, ಸ್ತನ, ಯಕೃತ್ತು, ದೊಡ್ಡಕರುಳು ಸೇರಿದಂತೆ ಕನಿಷ್ಠ ಏಳು ಬಗೆಯ ಕ್ಯಾನ್ಸರ್‌ಗೆ ಮದ್ಯ ಕಾರಣವಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವಾಗಲೂ ಅದು ಬಿಯರಿಗೆ ವಿನಾಯಿತಿ ಕೊಟ್ಟಿಲ್ಲ.

ಇನ್ನೊಂದು ಮಾತು. ಬಿಡುವುದು, ಮತ್ತೆ ಕುಡಿಯುವುದು, ಮತ್ತೆ ದಿಢೀರನೆ ಬಿಡುವುದು ಹೀಗೆ ನಡೆದಷ್ಟೂ ಪ್ರತಿ ಸಲದ ಹಿಂತೆಗೆತ, ಅಂದರೆ ಬಿಟ್ಟಾಗ ದೇಹಕ್ಕಾಗುವ ತೊಂದರೆ, ಹಿಂದಿನದಕ್ಕಿಂತ ಉಗ್ರವಾಗುವ ಸಂಭವವಿದೆ. ಮೊದಲ ಸಲ ಬರೀ ನಡುಕ, ಮೂರನೆಯ ಸಲ ಫಿಟ್ಸ್, ಐದನೆಯ ಸಲ ಭ್ರಮೆ. ನಮ್ಮಲ್ಲಿ ಕುಡುಕನನ್ನು ಸರಿಪಡಿಸುವ ಕ್ರಮವನ್ನು ಈ ಬೆಳಕಿನಲ್ಲಿ ನೋಡಿ: ದೇವಸ್ಥಾನಕ್ಕೆ ಕರೆದೊಯ್ದು ಆಣೆ ಹಾಕಿಸುವುದು, ಮಗುವಿನ ತಲೆ ಮುಟ್ಟಿಸುವುದು, ಪಂಚಾಯಿತಿ ಸೇರಿಸಿ ತಪ್ಪೊಪ್ಪಿಗೆ ಬರೆಸುವುದು. ಆಣೆಯ ಬಲದಿಂದ ಅವನು ಮೂರು ದಿನ ತಡೆಯುತ್ತಾನೆ, ನಡುಕ ತಾಳಲಾಗದೆ ಕುಡಿಯುತ್ತಾನೆ, ಆಣೆ ಮುರಿದ ಪಾಪಭಾರಕ್ಕೆ ಇನ್ನಷ್ಟು ಕುಡಿಯುತ್ತಾನೆ. ಮನೆಯವರು ‘ಮಗನ ಮೇಲಿನ ಆಣೆಗೂ ಬೆಲೆ ಇಲ್ಲ’ ಎಂದು ಕೈಬಿಡುತ್ತಾರೆ. ಆಣೆಯಲ್ಲಿ ನಂಬಿಕೆಯಿಟ್ಟವರ ಮನಸ್ಸನ್ನು ನೋಯಿಸುವುದು ನನ್ನ ಉದ್ದೇಶವಲ್ಲ. ಐದು ದಿನ ಆಸ್ಪತ್ರೆಯಲ್ಲಿದ್ದು ದೇಹ ಶಾಂತವಾದ ಮೇಲೆ ಆಣೆ ಹಾಕಿಸಿ ಎಂಬುದಷ್ಟೇ ನನ್ನ ಬೇಡಿಕೆ.

ಇಲ್ಲಿ ನಿಮ್ಮಲ್ಲಿ ಒಬ್ಬರಾದರೂ ಅಯ್ಯಪ್ಪ ಮಾಲೆಯ ಪ್ರಶ್ನೆ ಎತ್ತುತ್ತೀರಿ ಎಂದು ನನಗೆ ಗೊತ್ತು. ಮಾಲೆ ಹಾಕಿದ ದಿನದಿಂದ 41 ದಿನ ತೊಟ್ಟೂ ಮುಟ್ಟದವನು, ಶಬರಿಮಲೆಯಿಂದ ಇಳಿದು ಬಂದ ವಾರದಲ್ಲಿಯೇ ಬಾರಿನಲ್ಲಿ ಕೂರುತ್ತಾನಲ್ಲ, ಹಾಗಾದರೆ ಇದು ರೋಗವೋ ಕೊಬ್ಬೋ ಎಂಬ ಪ್ರಶ್ನೆ. ನ್ಯಾಯವಾದ ಪ್ರಶ್ನೆ. ಹಾಗೆ ಸಲೀಸಾಗಿ ಬಿಡಬಲ್ಲವರಲ್ಲಿ ಬಹುಪಾಲು ಜನರ ದೇಹ ಇನ್ನೂ ತೀವ್ರ ಅವಲಂಬನೆಗೆ ಹೋಗಿರುವುದಿಲ್ಲ. ಹೋದವರಿಗೆ ಮಾಲೆ ಹಾಕಿದ ಎರಡನೆಯ ದಿನ ಫಿಟ್ಸ್ ಬರುವುದೂ ಉಂಟು. ಆದರೆ ಆ 41 ದಿನಗಳಲ್ಲಿ ಏನೇನು ಬದಲಾಗುತ್ತದೆ ಎಂಬುದನ್ನು ಗಮನಿಸಿ. ಅವನ ಉಡುಪು ಬದಲಾಗುತ್ತದೆ. ಹೆಂಡತಿಯಿಂದ ಹಿಡಿದು ಊರಿನ ಹಿರಿಯರವರೆಗೆ ಎಲ್ಲರೂ ಅವನನ್ನು ‘ಸ್ವಾಮಿ’ ಎಂದು ಕರೆಯುತ್ತಾರೆ. ಬಾರಿಗೆ ಹೋಗುತ್ತಿದ್ದ ಸಂಜೆಯ ಹೊತ್ತಿಗೆ ಸ್ನಾನ, ಪೂಜೆ, ಭಜನೆಗಳಿರುತ್ತವೆ. ಕರೆಯುತ್ತಿದ್ದ ಗೆಳೆಯರು ಕರೆಯುವುದಿಲ್ಲ. ತನ್ನಂತೆಯೇ ವ್ರತದಲ್ಲಿರುವ ಹತ್ತು ಜನರ ಗುಂಪು ಸುತ್ತ ಇರುತ್ತದೆ. ಮದ್ಯವ್ಯಸನದ ದೀರ್ಘಕಾಲೀನ ಚಿಕಿತ್ಸೆ ಕಟ್ಟಿಕೊಡಲು ಹೆಣಗುವುದು ಇದನ್ನೇ: ಮರ್ಯಾದೆ, ಸಂಜೆಗೊಂದು ಕೆಲಸ, ಬದಲಾದ ಗೆಳೆತನ, ಜೊತೆಗಾರರು. 42ನೆಯ ದಿನ ಮಾಲೆಯ ಜೊತೆಗೆ ಇವೆಲ್ಲವನ್ನೂ ಒಟ್ಟಿಗೆ ತೆಗೆದುಹಾಕುತ್ತೇವೆ. ‘ಸ್ವಾಮಿ’ ಆಗಿದ್ದವನು ಮತ್ತೆ ಹಳೆಯ ಅಡ್ಡಹೆಸರಿಗೆ ಇಳಿಯುತ್ತಾನೆ. ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳಲ್ಲಿ ನನಗೆ ಮೆಚ್ಚುಗೆಯಾಗುವುದು ಶಿಬಿರ ಮುಗಿದ ಮೇಲೆ ಊರಿನಲ್ಲಿ ಮುಂದುವರಿಯುವ, ಕುಡಿತ ಬಿಟ್ಟವರ ನವಜೀವನ ಸಮಿತಿಗಳು. 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರಿಂದ ಆರಂಭವಾದ ಆಲ್ಕೋಹಾಲಿಕ್ಸ್ ಅನಾನಿಮಸ್ ಕೂಟಗಳ ಶಕ್ತಿಯೂ ಇದೇ. ಅವು ಇಂದು ನಮ್ಮಲ್ಲಿಯೂ ನಡೆಯುತ್ತವೆ, ಶುಲ್ಕವಿಲ್ಲ, ಹೆಸರು ಹೇಳಬೇಕಾಗಿಲ್ಲ.

ಆಸ್ಪತ್ರೆಯಲ್ಲಿ ಐದು ದಿನ ಏನು ಮಾಡುತ್ತಾರೆ? ಮದ್ಯ ಬಿಟ್ಟುಹೋದ ಜಾಗದಲ್ಲಿ ಅದೇ ಬಗೆಯ ಶಾಂತಗೊಳಿಸುವ ಕೆಲಸ ಮಾಡುವ ಡಯಾಜೆಪಾಮ್, ಲೊರಾಜೆಪಾಮ್‌ನಂಥ ಔಷಧಿಯನ್ನು ತೂಗಿ ಅಳೆದು ಕೊಟ್ಟು, ದಿನದಿಂದ ದಿನಕ್ಕೆ ಇಳಿಸುತ್ತಾರೆ. ಇವು ಅಗ್ಗದ ಔಷಧಿಗಳು, ಆದರೆ ವೈದ್ಯರಿಲ್ಲದೆ ತೆಗೆದುಕೊಂಡರೆ ಅವುಗಳಿಗೇ ಅಂಟಿಕೊಳ್ಳುವ ಅಪಾಯವಿದೆ. ಜೊತೆಗೆ ಥಯಮಿನ್, ಅಂದರೆ ವಿಟಮಿನ್ ಬಿ1 ಚುಚ್ಚುಮದ್ದು. ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಮ್ಮೂರುಗಳಲ್ಲಿ ಇದು ದಿನವೂ ತಪ್ಪುತ್ತಿದೆ. ಕುಡಿಯುವವನು ಊಟ ಬಿಡುತ್ತಾನೆ. ತಿಂದದ್ದರಲ್ಲಿರುವ ಬಿ1 ಅನ್ನು ಕರುಳು ಸರಿಯಾಗಿ ಹೀರದಂತೆ ಮದ್ಯ ತಡೆಯುತ್ತದೆ. ದೇಹ ಸಕ್ಕರೆಯನ್ನು ಶಕ್ತಿಯಾಗಿ ಮಾರ್ಪಡಿಸಲು ಬಿ1 ಬೇಕೇ ಬೇಕು. ಇಂಥವನು ಸುಸ್ತಾಗಿ ಬಿದ್ದಾಗ ‘ಒಂದು ಗ್ಲೂಕೋಸ್ ಬಾಟಲಿ ಹಾಕಿ ಡಾಕ್ಟ್ರೇ’ ಎಂದು ಮನೆಯವರು ಬೇಡುತ್ತಾರೆ, ಊರಿನ ಕ್ಲಿನಿಕ್ಕಿನಲ್ಲಿ ಹಾಕಿಯೂ ಬಿಡುತ್ತಾರೆ. ಉಳಿದಿದ್ದ ಚೂರುಪಾರು ಬಿ1 ಆ ಗ್ಲೂಕೋಸನ್ನು ಕರಗಿಸುವುದರಲ್ಲಿ ಮುಗಿದುಹೋಗಿ, ಮಿದುಳಿನ ಒಳಭಾಗಕ್ಕೆ ಪೆಟ್ಟು ಬೀಳಬಹುದು. ಕಣ್ಣುಗುಡ್ಡೆ ತಿರುಗದಾಗುವುದು, ನಡಿಗೆ ತೂರಾಡುವುದು, ಮನಸ್ಸು ಗೊಂದಲಗೊಳ್ಳುವುದು ಇದರ ಲಕ್ಷಣಗಳು. ಜರ್ಮನಿಯ ಕಾರ್ಲ್ ವೆರ್ನಿಕೆ 1881ರಲ್ಲಿ ಇದನ್ನು ವರ್ಣಿಸಿದರು. ಸಕಾಲಕ್ಕೆ ಬಿ1 ಸಿಗದಿದ್ದರೆ ಇದು ರಷ್ಯಾದ ಸೆರ್ಗೈ ಕೋರ್ಸಕಾಫ್ ವರ್ಣಿಸಿದ ಸ್ಥಿತಿಗೆ ಹೋಗಿ ನಿಲ್ಲುತ್ತದೆ. ಆಗ ಹಳೆಯದೆಲ್ಲ ನೆನಪಿರುತ್ತದೆ, ಬೆಳಿಗ್ಗೆ ತಿಂದದ್ದು ಮರೆಯುತ್ತದೆ, ಮರೆತ ಜಾಗವನ್ನು ಮಿದುಳು ಕಟ್ಟುಕತೆಯಿಂದ ತುಂಬುತ್ತದೆ. ನಿನ್ನೆ ಹಾಸಿಗೆಯಿಂದ ಏಳದವನು ‘ನಿನ್ನೆ ಸಂತೆಗೆ ಹೋಗಿ ಎತ್ತು ತಂದೆ’ ಎನ್ನುತ್ತಾನೆ, ಸುಳ್ಳು ಹೇಳುವ ಉದ್ದೇಶ ಅವನಿಗಿರುವುದಿಲ್ಲ. ಅಲ್ಲಿಂದ ಪೂರ್ತಿ ಹಿಂತಿರುಗುವವರು ಕಡಿಮೆ. ಕುಡಿಯುವವರಿಗೆ ಡ್ರಿಪ್ ಹಾಕುವ ಮುನ್ನ ‘ಬಿ1 ಇಂಜೆಕ್ಷನ್ ಕೊಟ್ಟಿದ್ದೀರಾ’ ಎಂದು ವಿನಯದಿಂದ ಕೇಳುವ ಹಕ್ಕು ನಿಮಗಿದೆ. ಆಶಾ ಕಾರ್ಯಕರ್ತೆಯರು ಇದೊಂದನ್ನು ಬರೆದುಕೊಂಡರೂ ನಾನು ಬಂದದ್ದು ಸಾರ್ಥಕ.

ಈಗ ಗೋಡೆಯ ಮೇಲಿನ, ಬಸ್ಸಿನ ಹಿಂಬದಿಯ ಜಾಹೀರಾತಿಗೆ ಬರುತ್ತೇನೆ. ‘ಕುಡಿಯುವವರಿಗೆ ಗೊತ್ತಾಗದಂತೆ ಕಾಫಿಯಲ್ಲಿ, ಸಾರಿನಲ್ಲಿ ಬೆರೆಸಿ ಕೊಡಿ, ಖಂಡಿತ ಬಿಡಿಸುತ್ತೇವೆ.’ ನೊಂದ ಹೆಂಗಸರು ಒಡವೆ ಅಡವಿಟ್ಟು ಈ ಪುಡಿಗಳನ್ನು ತರಿಸುತ್ತಾರೆ. ಪೊಟ್ಟಣದಲ್ಲಿ ಏನಿದೆ ಎಂದು ಅದರ ಮೇಲೆ ಬರೆದಿರುವುದಿಲ್ಲ. ಅದರಲ್ಲಿ ಡೈಸಲ್ಫಿರಾಮ್ ಬೆರೆತಿದ್ದರೆ ಆಗುವುದೇನೆಂದು ತಿಳಿಯಿರಿ. ಇದು ಮೊದಲು ರಬ್ಬರ್ ಉದ್ಯಮದಲ್ಲಿ ಬಳಕೆಯಲ್ಲಿದ್ದ ರಾಸಾಯನಿಕ. 1940ರ ದಶಕದ ಕೊನೆಯಲ್ಲಿ ಡೆನ್ಮಾರ್ಕಿನ ಸಂಶೋಧಕರು ಇದನ್ನು ಕುಡಿತದ ಚಿಕಿತ್ಸೆಗೆ ತಂದರು. ಮದ್ಯ ದೇಹದಲ್ಲಿ ಅಸಿಟಾಲ್ಡಿಹೈಡ್ ಎಂಬ ವಿಷವಾಗಿ, ಅಲ್ಲಿಂದ ಮುಂದೆ ನಿರುಪದ್ರವಿ ವಸ್ತುವಾಗಿ ಒಡೆಯುತ್ತದೆ. ಈ ಮಾತ್ರೆ ಎರಡನೆಯ ಹಂತವನ್ನು ತಡೆದುಬಿಡುತ್ತದೆ. ಮಾತ್ರೆ ನುಂಗಿದವನು ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಡವಗುಟ್ಟಿ, ರಕ್ತದೊತ್ತಡ ಕುಸಿಯುತ್ತದೆ; ಹೃದಯ ದುರ್ಬಲವಾಗಿದ್ದರೆ ಪ್ರಾಣಕ್ಕೇ ಅಪಾಯ. ‘ಕುಡಿದರೆ ಹೀಗಾಗುತ್ತದೆ’ ಎಂದು ತಿಳಿದು, ಒಪ್ಪಿ, ಬಿಡುವ ಮನಸ್ಸಿನಿಂದ ನುಂಗುವವನಿಗೆ ಇದು ಒಳ್ಳೆಯ ಊರುಗೋಲು, ಏಕೆಂದರೆ ಆ ತಿಳಿವಳಿಕೆಯೇ ಅವನನ್ನು ತಡೆಯುತ್ತದೆ. ತಿಳಿಯದವನಿಗೆ ಕೊಟ್ಟರೆ ಅದು ವಿಷಪ್ರಾಶನಕ್ಕೆ ಸಮ. ಅದಲ್ಲದೆ ಪುಡಿಯ ಪ್ರಭಾವದಿಂದ ಅವನು ಹೆದರಿ ಒಮ್ಮೆಲೇ ನಿಲ್ಲಿಸಿದರೆ, ನಾನು ಮೊದಲು ಹೇಳಿದ ನಡುಕ, ಫಿಟ್ಸ್, ಭ್ರಮೆಗಳ ಸರದಿ ಮನೆಯಲ್ಲಿಯೇ ಶುರುವಾಗುತ್ತದೆ. ಮದ್ಯದ ಹಂಬಲವನ್ನು ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂಥ ಮಾತ್ರೆಗಳು ಇಂದು ಇವೆ. ಅವನ್ನು ಕೂಡ ರೋಗಿಯ ಒಪ್ಪಿಗೆಯಿಂದಲೇ ಕೊಡಬೇಕು.

ಒಪ್ಪಿಗೆಯ ಮಾತು ಬಂದದ್ದರಿಂದ ಇನ್ನೊಂದನ್ನು ಸೇರಿಸುತ್ತೇನೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಯಿಂದ ಬರುವ ಮಾನಸಿಕ ಸ್ಥಿತಿಗಳನ್ನೂ ಮಾನಸಿಕ ಅಸ್ವಸ್ಥತೆಯ ವ್ಯಾಖ್ಯೆಯೊಳಗೆ ತಂದಿದೆ, ಮತ್ತು ಯಾವ ರೂಪದಲ್ಲಿಯೂ ರೋಗಿಯನ್ನು ಸರಪಳಿಯಿಂದ ಬಿಗಿಯುವುದನ್ನು ನಿಷೇಧಿಸಿದೆ. ವ್ಯಸನಮುಕ್ತಿ ಕೇಂದ್ರ ಎಂಬ ಫಲಕ ಹಾಕಿಕೊಂಡು ಒಳಗೆ ಕೂಡಿಹಾಕಿ ಹೊಡೆಯುವ ಜಾಗಗಳಿಗೆ ಗಂಡನನ್ನೋ ಮಗನನ್ನೋ ಒಪ್ಪಿಸುವ ಮುನ್ನ, ಅಲ್ಲಿ ವೈದ್ಯರು ಇದ್ದಾರೆಯೇ, ರಾತ್ರಿ ಫಿಟ್ಸ್ ಬಂದರೆ ನೋಡುವವರು ಯಾರು, ಮನೆಯವರು ಭೇಟಿಯಾಗಬಹುದೇ ಎಂದು ಕೇಳಿ. ಉತ್ತರ ಸರಿಯಿಲ್ಲದಿದ್ದರೆ ಎದ್ದು ಬನ್ನಿ.

ಮದ್ಯವನ್ನು ಬಿಟ್ಟು ಉಳಿದ ಮಾದಕ ವಸ್ತುಗಳ ಬಗ್ಗೆ ಶಿಕ್ಷಕರು ಕೇಳಲು ಕಾದಿದ್ದಾರೆ. ಅಲ್ಲಿಯೂ ಬಿಡುವ ದಿನಗಳ ಲೆಕ್ಕ ಬೇರೆ ಬೇರೆ. ನಿದ್ದೆ ಮಾತ್ರೆಗಳಿಗೆ ಅಂಟಿದವರು ದಿಢೀರನೆ ನಿಲ್ಲಿಸಿದರೆ ಮದ್ಯದಂತೆಯೇ ಫಿಟ್ಸ್ ಬರುತ್ತದೆ, ಏಕೆಂದರೆ ಅವು ಮಿದುಳಿನಲ್ಲಿ ಕೆಲಸ ಮಾಡುವ ಜಾಗ ಒಂದೇ. ಹೆರಾಯಿನ್, ಟ್ರಮಡಾಲ್‌ನಂಥ ಅಫೀಮು ಜಾತಿಯವುಗಳದ್ದು ಬೇರೆ. ಬಿಟ್ಟಾಗ ಮೈಕೈ ನೋವು, ಭೇದಿ, ಕಣ್ಣು ಮೂಗಿನಲ್ಲಿ ನೀರು, ನರಳಾಟ ವಿಪರೀತವಾದರೂ ಅದರಿಂದಲೇ ಸಾಯುವವರು ವಿರಳ. ಸಾವು ಕಾದಿರುವುದು ಕೆಲವು ವಾರ ಬಿಟ್ಟು ಮತ್ತೆ ಮೊದಲಿನ ಪ್ರಮಾಣವನ್ನೇ ತೆಗೆದುಕೊಂಡಾಗ. ಆ ಹೊತ್ತಿಗೆ ದೇಹದ ತಾಳಿಕೆ ಇಳಿದಿರುತ್ತದೆ, ಉಸಿರಾಟ ನಿಲ್ಲುತ್ತದೆ. ಆದ್ದರಿಂದಲೇ ಇವರಿಗೆ ಅದೇ ಜಾತಿಗೆ ಸೇರಿದ ಬುಪ್ರೆನಾರ್ಫಿನ್‌ನಂಥ ಔಷಧಿಯನ್ನು ದೀರ್ಘಕಾಲ ಕೊಡುವುದು. ‘ಒಂದು ಚಟ ಬಿಡಿಸಿ ಇನ್ನೊಂದು ಹಚ್ಚಿದರು’ ಎಂದು ದೂರುವವರು ಅದರಿಂದ ಉಳಿದ ಪ್ರಾಣಗಳನ್ನೂ ಎಣಿಸಬೇಕು. ಗಾಂಜಾ ಬಿಟ್ಟರೆ ಸಿಡುಕು, ನಿದ್ರಾಹೀನತೆ ಬರುತ್ತವೆ, ಪ್ರಾಣಾಪಾಯವಿಲ್ಲ. ಅದರ ಕೇಡು ಸೇದುತ್ತಿರುವಾಗ, ಅದರಲ್ಲೂ ಹದಿಹರೆಯದಲ್ಲಿ, ಚಿತ್ತವಿಕಲತೆಯ ರೂಪದಲ್ಲಿ ಬರುತ್ತದೆ. ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಶಿಕ್ಷಕರು ಗಮನಿಸಬೇಕಾದ ಒಂದು ಸಂಗತಿಯಿದೆ: ದೊಡ್ಡವರಿಗಿಂತ ಮಕ್ಕಳಲ್ಲಿ ಹೆಚ್ಚಾಗಿ ಕಂಡುಬಂದ ಏಕೈಕ ಅಮಲು ಮೂಸುವ ವಸ್ತುಗಳದ್ದು, ಅಂದರೆ ವೈಟ್ನರ್, ಪಂಕ್ಚರ್ ಅಂಟು ಇತ್ಯಾದಿ. ಅವು ಸ್ಟೇಷನರಿ ಅಂಗಡಿಯಲ್ಲಿಯೇ ಸಿಗುತ್ತವೆ, ಪೊಲೀಸ್ ನಾಯಿಗೆ ಸಿಗುವುದಿಲ್ಲ. ಪೊಲೀಸರ ಭಯದಿಂದ ಮಗನನ್ನು ಆಸ್ಪತ್ರೆಗೆ ತರದ ತಂದೆ ತಾಯಿಯರಿಗೆ ಒಂದು ಮಾತು ತಿಳಿಸಿ: ಸ್ವಂತ ಬಳಕೆಗೆ ಅಥವಾ ಅಲ್ಪ ಪ್ರಮಾಣಕ್ಕೆ ಸಂಬಂಧಿಸಿದ ಪ್ರಕರಣದಲ್ಲಿ, ವ್ಯಸನಿ ತಾನಾಗಿಯೇ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆಗೆ ಒಳಗಾದರೆ ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮು ಅವನಿಗೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಚಿಕಿತ್ಸೆಯನ್ನು ಪೂರ್ತಿಗೊಳಿಸದಿದ್ದರೆ ಆ ರಕ್ಷಣೆಯನ್ನು ಹಿಂತೆಗೆದುಕೊಳ್ಳಬಹುದು.

ಅದೇ ಸಮೀಕ್ಷೆ ಮದ್ಯದ ಬಗ್ಗೆ ಹೇಳಿದ ಅಂಕಿಯನ್ನು ನಾನು ಮರೆಯಲಾರೆ. ದೇಶದಲ್ಲಿ ಮದ್ಯದ ಅವಲಂಬನೆಗೆ ಸಿಕ್ಕವರು ಸುಮಾರು 2.9 ಕೋಟಿ; ಅಂಥ 38 ಮಂದಿಯಲ್ಲಿ ಯಾವುದಾದರೂ ಚಿಕಿತ್ಸೆ ಸಿಕ್ಕಿರುವುದು ಒಬ್ಬರಿಗೆ, 180 ಮಂದಿಯಲ್ಲಿ ಒಳರೋಗಿಯಾಗಿ ಚಿಕಿತ್ಸೆ ಸಿಕ್ಕಿರುವುದು ಒಬ್ಬರಿಗೆ. ಇದನ್ನು ನಮ್ಮ ರಾಜ್ಯದ ಬಜೆಟ್ಟಿನ ಪಕ್ಕದಲ್ಲಿಟ್ಟು ನೋಡಿ. 2025-26ನೇ ಸಾಲಿಗೆ ಅಬಕಾರಿಯಿಂದ 40,000 ಕೋಟಿ ರೂಪಾಯಿ ಸಂಗ್ರಹಿಸುವ ಗುರಿ ಇಡಲಾಯಿತು. ಇದೇ ರಾಜ್ಯದಲ್ಲಿ 2007ರ ಜುಲೈ 1ರಿಂದ ಸರ್ಕಾರ ಸಾರಾಯಿಯನ್ನು ನಿಷೇಧಿಸಿತು. ಮರುವರ್ಷದ ಮೇ ತಿಂಗಳಲ್ಲಿ ಆನೇಕಲ್, ಹೊಸೂರು ಸುತ್ತಮುತ್ತಲಿನ ಗಡಿ ಪ್ರದೇಶದಲ್ಲಿ ಕಳ್ಳಭಟ್ಟಿಯಲ್ಲಿದ್ದ ಮಿಥೈಲ್ ಆಲ್ಕೋಹಾಲ್ ಎಂಬ ವಿಷ ಕುಡಿದು ನೂರೈವತ್ತಕ್ಕೂ ಹೆಚ್ಚು ಜನ ಸತ್ತರು. ಸಾರಾಯಿ ಕುಡಿಯುತ್ತಿದ್ದವರ ದೇಹ ಜುಲೈ 2ರಂದು ಏನು ಕೇಳುತ್ತದೆ, ಅವರನ್ನು ಎಲ್ಲಿಗೆ ಕಳುಹಿಸಬೇಕು ಎಂಬ ಯೋಚನೆ ಆ ತೀರ್ಮಾನದ ಜೊತೆಯಲ್ಲಿ ಎದ್ದು ಕಾಣುವಂತೆ ಇರಲಿಲ್ಲ. 2019ರ ಜನವರಿಯಲ್ಲಿ ಮದ್ಯ ನಿಷೇಧಿಸಬೇಕೆಂದು ಚಿತ್ರದುರ್ಗದಿಂದ ಬೆಂಗಳೂರಿಗೆ ಸಾವಿರಾರು ಗ್ರಾಮೀಣ ಹೆಣ್ಣುಮಕ್ಕಳು ನಡೆದು ಬಂದರು. ಅವರ ಕಾಲಿನ ಬೊಬ್ಬೆಗಳ ಮುಂದೆ ನಿಷೇಧದ ಸಾಧಕ ಬಾಧಕಗಳನ್ನು ತೂಗುವ ಧೈರ್ಯ ನನಗಿಲ್ಲ. ಪಾನನಿಷೇಧಕ್ಕೆ ಸರ್ಕಾರ ಶ್ರಮಿಸಬೇಕೆನ್ನುವ ಸಂವಿಧಾನದ 47ನೆಯ ವಿಧಿಯೂ ಅವರ ಕಡೆಗೇ ಇದೆ. ನಿಷೇಧ ಬರಲಿ, ಬಾರದಿರಲಿ, ಅಂಗಡಿ ಒಂದು ಮುಚ್ಚಲಿ, ಹತ್ತು ಮುಚ್ಚಲಿ, ಮರುದಿನ ಬೆಳಿಗ್ಗೆ ನಡುಗುವ ಕೈಗಳಿಗೆ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ನಾಲ್ಕು ಹಾಸಿಗೆ, ಥಯಮಿನ್ ದಾಸ್ತಾನು, ಇದನ್ನು ಗುರುತಿಸಲು ತರಬೇತಾದ ಒಬ್ಬ ದಾದಿ ಇರಬೇಕು. 40,000 ಕೋಟಿಯ ಲೆಕ್ಕದಲ್ಲಿ ಇದು ಚಿಲ್ಲರೆ. ಗ್ರಾಮಸಭೆಯಲ್ಲಿ ಅಂಗಡಿ ತೆಗೆಸಿ ಎಂದು ಅರ್ಜಿ ಕೊಡುವ ಸಂಘಗಳು ಅದೇ ಅರ್ಜಿಯಲ್ಲಿ ಈ ಹಾಸಿಗೆಗಳನ್ನೂ ಕೇಳಲಿ.

ಕೊನೆಯದಾಗಿ, ನಿಮ್ಮ ಬೀದಿಯವನೊಬ್ಬ ‘ಅಕ್ಕಾ, ನಾಳೆಯಿಂದ ಬಿಡ್ತೀನಿ’ ಎಂದು ನಿಮ್ಮೆದುರು ನಿಂತಾಗ ಕೇಳಬೇಕಾದ್ದನ್ನು ಹೇಳಿಬಿಡುತ್ತೇನೆ. ಬೆಳಿಗ್ಗೆ ಎದ್ದ ಕೂಡಲೇ ಕುಡಿಯಬೇಕಾಗುತ್ತದೆಯೇ? ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತೇ, ಏನಾದರೂ ಕಂಡಂತೆ ಆಗಿತ್ತೇ? ತಲೆಗೆ ಪೆಟ್ಟು, ರಕ್ತವಾಂತಿ, ಕಾಮಾಲೆ ಆಗಿವೆಯೇ? ಒಂದಕ್ಕೆ ಹೌದೆಂದರೂ ಅವನನ್ನು ಮನೆಯಲ್ಲಿ ಒಮ್ಮೆಲೇ ಬಿಡಲು ಹೇಳಬೇಡಿ. ತಾಲ್ಲೂಕು ಅಥವಾ ಜಿಲ್ಲಾಸ್ಪತ್ರೆಯ ಮನೋವೈದ್ಯರ ಬಳಿಗೆ ಕಳುಹಿಸಿ. ದಾರಿ ತಿಳಿಯದಿದ್ದರೆ 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನವರು ಕನ್ನಡದಲ್ಲಿಯೇ ಮಾತನಾಡುತ್ತಾರೆ, ಮಾದಕ ವ್ಯಸನಕ್ಕೆಂದೇ 14446 ಇದೆ. ಅಷ್ಟರಲ್ಲಿ ಬಿಟ್ಟೇಬಿಟ್ಟಿದ್ದಾನೆ, ನಡುಗುತ್ತಿದ್ದಾನೆ ಎಂದರೆ ಒಂಟಿಯಾಗಿ ಮಲಗಿಸಬೇಡಿ, ಕೋಣೆಯ ದೀಪ ಆರಿಸಬೇಡಿ. ಫಿಟ್ಸ್ ಬಂದರೆ ಮಗ್ಗುಲಿಗೆ ಹೊರಳಿಸಿ, ಕೈಗೆ ಬೀಗದ ಕೈ ಕೊಡುವುದು, ಬಾಯಿಗೆ ಚಮಚ ತುರುಕುವುದು ಬೇಡ, 108ಕ್ಕೆ ಕರೆ ಮಾಡಿ. ಕಳುಹಿಸುವ ಚೀಟಿಯಲ್ಲಿ ಅವನು ಕೊನೆಯ ಸಲ ಕುಡಿದದ್ದು ಯಾವ ದಿನ, ಎಷ್ಟು ಗಂಟೆಗೆ, ಎಷ್ಟು ಎಂಬುದನ್ನು ಬರೆಯಿರಿ. ‘ಕುಡುಕ, ಸುಸ್ತು’ ಎಂದಷ್ಟೇ ಬರೆದು ಬಂದವರನ್ನು ರಾತ್ರಿ ಪಾಳಿಯಲ್ಲಿ ಗ್ಲೂಕೋಸ್ ಹಾಕಿ ಬೆಳಿಗ್ಗೆ ಮನೆಗೆ ಕಳುಹಿಸುವ ಸಂಭವವಿದೆ. ಗಂಟೆ ಬರೆದಿದ್ದರೆ, ಫಿಟ್ಸ್ ಬರಬಹುದಾದ ಹೊತ್ತು ಯಾವುದೆಂದು ಆ ವೈದ್ಯರು ಎಣಿಸಿಕೊಂಡು ಅವನನ್ನು ಉಳಿಸಿಕೊಳ್ಳುತ್ತಾರೆ.